ಮನೆಯಲ್ಲಿ ಕಟ್ಟಿದ ಟ್ಯೂನರ್ ಎಷ್ಟು ವಾಟ್ ತಾಳೀತು?

ಸೂರಿನಿಂದ ತೋಟದ ಹಲಸಿನ ಮರಕ್ಕೆ ಸುಮಾರು 20 ಮೀಟರ್ ತಂತಿ ಎಳೆದರೆ 7 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಆಂಟೆನಾ ಆಯಿತು. ತೀರ್ಥಹಳ್ಳಿ, ಹೊಸನಗರದ ಕಡೆಯ ಹ್ಯಾಮ್‌ಗಳಿಗೆ (ಹವ್ಯಾಸಿ ರೇಡಿಯೋದವರಿಗೆ) ಮರಕ್ಕೇನೂ ಬರವಿಲ್ಲ. ತೊಡಕು ತಂತಿಯ ತುದಿಯಲ್ಲಿದೆ: ರಿಗ್ (ಪ್ರಸಾರ ಮಾಡುವ ರೇಡಿಯೋ) ಕೇಳುವುದು 50 ಓಮ್, ತುದಿ ತೋರಿಸುವುದು ಎರಡರಿಂದ ಐದು ಸಾವಿರ ಓಮ್. ನಡುವೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಹಾಕಿ ಹೊಂದಿಸುತ್ತೇವೆ, ಅದೇ ಟ್ಯೂನರ್. ಅಂಗಡಿಯ ಟ್ಯೂನರಿನ ಮೇಲೆ ವಾಟ್ ಬರೆದಿರುತ್ತದೆ. ನಾವೇ ಸುತ್ತಿದ್ದರ ಮೇಲೆ ನಾವೇ ಬರೆಯಬೇಕು.

ಅದಕ್ಕೆ ಎರಡು ಲೆಕ್ಕ ಬೇಕು. ಕೆಪಾಸಿಟರ್ ಸೋಲುವುದು ವೋಲ್ಟೇಜಿಗೆ, ಒಂದೇ ಕ್ಷಣದಲ್ಲಿ. ಕಾಯಿಲ್ ಸೋಲುವುದು ಬಿಸಿಗೆ, ನಿಧಾನವಾಗಿ. ಎರಡೂ ಲೆಕ್ಕ ಮಾಡಿ, ಬಂದದ್ದರಲ್ಲಿ ಚಿಕ್ಕದನ್ನು ಮಿತಿ ಎನ್ನಿ.

ಮೊದಲು ವೋಲ್ಟೇಜ್. ವಾಟನ್ನು ಓಮ್‌ನಿಂದ ಗುಣಿಸಿ, ಇಮ್ಮಡಿ ಮಾಡಿ, ವರ್ಗಮೂಲ ತೆಗೆಯಿರಿ. ಅದು ಪೀಕ್ ವೋಲ್ಟೇಜ್. 100 ವಾಟ್, 50 ಓಮ್ ಆದರೆ 100 ವೋಲ್ಟ್. ಅದೇ 100 ವಾಟ್ 2,450 ಓಮ್‌ನ ತುದಿಯಲ್ಲಿ 700 ವೋಲ್ಟ್. ಕೊಂಬೆ ತಾಗಿಯೋ ತಂತಿ ಜೋತೋ ತುದಿ 5,000 ಓಮ್‌ಗೆ ಏರಿದರೆ 1,000 ವೋಲ್ಟ್. ಲೆಕ್ಕಕ್ಕೆ ಈ ಕೊನೆಯದನ್ನೇ ಹಿಡಿಯಿರಿ.

ಇನ್ನು ಕೆಪಾಸಿಟರಿನ ತಟ್ಟೆಗಳ ಅಂತರ. ನಯವಾದ ತಟ್ಟೆಗಳ ನಡುವಿನ ಒಣ ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ತಡೆಯುತ್ತದೆ. ಕತ್ತರಿಯಲ್ಲಿ ಕತ್ತರಿಸಿದ ಅಲ್ಯೂಮಿನಿಯಂ ತಗಡಿನ ಅಂಚು ಚೂಪು, ಮೇಲೆ ಧೂಳು ಬೇರೆ. ಹಾಗಾಗಿ ನನ್ನ ಲೆಕ್ಕ ಮಿಲಿಮೀಟರಿಗೆ 1,000 ವೋಲ್ಟ್ ಮಾತ್ರ. 100 ವಾಟಿಗೆ 1 ಮಿಲಿಮೀಟರ್ ಸಾಕೆಂದು ಬಂದರೂ ಒಂದೂವರೆ ಇಡುತ್ತೇನೆ.

ಹಳೇ ವಾಲ್ವ್ ರೇಡಿಯೋದ ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗಿಸುವ ತಟ್ಟೆಗಳ ಕೆಪಾಸಿಟರ್) ಸಿಕ್ಕಿದೆಯೇ? ಟ್ಯಾಪೆಟ್ ಹೊಂದಿಸಲು ಬೈಕ್ ಮೆಕ್ಯಾನಿಕ್ ಬಳಸುವ ಫೀಲರ್ ಗೇಜ್ ತಂದು ಅಂತರ ಅಳೆಯಿರಿ. 0.3 ಮಿಲಿಮೀಟರ್ ಇದ್ದರೆ 300 ವೋಲ್ಟ್, ಅಂದರೆ 2,450 ಓಮ್‌ನಲ್ಲಿ 18 ವಾಟ್, 5,000 ಓಮ್‌ನಲ್ಲಿ 9 ವಾಟ್. ಕಡಿಮೆ ಪವರಿನ ಆಟಕ್ಕೆ ಸಾಕು, 100 ವಾಟಿನ ರಿಗ್ಗಿಗಲ್ಲ.

ಮಳೆಗಾಲದಲ್ಲಿ ಗಾಳಿಯ ತೇವದಿಂದ ಕಿಡಿ ಹಾರುತ್ತದೆ ಎಂದು ಹಲವರು ನಂಬಿದ್ದಾರೆ. ಗಾಳಿಯಲ್ಲಿ ಬೆರೆತ ಆವಿಯಿಂದ ಅಷ್ಟು ಕೇಡಿಲ್ಲ. ಕೇಡಿರುವುದು ತಟ್ಟೆಯನ್ನು ಹಿಡಿದಿರುವ ಇನ್ಸುಲೇಟರಿನ ಮೇಲೆ ಕೂರುವ ನೀರಿನ ಪೊರೆಯಲ್ಲಿ. ಅದಕ್ಕೆ ಧೂಳು, ಬೂಷ್ಟು ಸೇರಿದರೆ ಕಿಡಿ ಗಾಳಿಯನ್ನು ಬಿಟ್ಟು ಮೇಲ್ಮೈಯಲ್ಲೇ ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಲ್ಲಿ ಮರದ ಹಲಗೆಯನ್ನು ಇನ್ಸುಲೇಟರ್ ಮಾಡಬೇಡಿ. ಅಕ್ರಿಲಿಕ್ ಬಳಸಿ, ಒರೆಸುತ್ತಿರಿ.

ತಟ್ಟೆಯ ಗೋಜೇ ಬೇಡವೆಂದರೆ ಆರ್‌ಜಿ-58 ಕೇಬಲ್ ಇದೆ; ಅದರ ನಡುವಿನ ತಂತಿ, ಸುತ್ತಲ ಜಾಲರಿ ಎರಡೂ ಸೇರಿ ಕೆಪಾಸಿಟರ್ ಆಗುತ್ತವೆ. ಒಂದು ಮೀಟರಿಗೆ ಹತ್ತಿರಹತ್ತಿರ 100 ಪಿಕೋಫ್ಯಾರಡ್. ಮೇಲಿನ 2,450 ಓಮ್‌ಗೆ 7.1 ಮೆಗಾಹರ್ಟ್ಸ್‌ನಲ್ಲಿ ಬೇಕಾದದ್ದು 63 ಪಿಕೋಫ್ಯಾರಡ್, ಅಂದರೆ 63 ಸೆಂಟಿಮೀಟರ್ ತುಂಡು. ಕೊನೆಯಲ್ಲಿ ಜಾಲರಿಯನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಕತ್ತರಿಸಿ, ಮೇಣವೋ ಸಿಲಿಕಾನೋ ಹಚ್ಚಿ ಮುಚ್ಚಿ.

ಆಮೇಲೆ ಬಿಸಿ. ಇದೇ ಜೋಡಣೆಗೆ ಕಾಯಿಲ್ 7.8 ಮೈಕ್ರೋಹೆನ್ರಿ, 100 ವಾಟಿಗೆ ಅದರಲ್ಲಿ ಹರಿಯುವುದು 1.4 ಆಂಪಿಯರ್. ಕಾಯಿಲಿನ ಕ್ಯೂ (ಗುಣಾಂಕ; ಹೆಚ್ಚಿದ್ದಷ್ಟೂ ನಷ್ಟ ಕಡಿಮೆ) 200 ಇದ್ದರೆ ಸುಮಾರು 3.5 ವಾಟ್ ಬಿಸಿಯಾಗಿ ಹೋಗುತ್ತದೆ, 100 ಇದ್ದರೆ 7. ಈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಹರಿಯುವುದು ತಾಮ್ರದ ಮೇಲ್ಪದರದ 0.025 ಮಿಲಿಮೀಟರಿನಲ್ಲಿ, ಆದ್ದರಿಂದ ತಂತಿಯ ಮೈ ದೊಡ್ಡದಿರಲಿ, ಕಿಲುಬಿಲ್ಲದಿರಲಿ.

ಕ್ಯೂ ಅಳೆಯಲಾಗದವರು ಹೀಗೆ ಮಾಡಿ. 10 ವಾಟ್ ಇಟ್ಟು ಐದು ನಿಮಿಷ ಪ್ರಸಾರದ ಕೀ ಒತ್ತಿ ಹಿಡಿಯಿರಿ, ಆಫ್ ಮಾಡಿ, ನಂತರವೇ ಮುಚ್ಚಳ ತೆಗೆದು ಅಳೆಯಿರಿ. ಪ್ರಸಾರ ನಡೆಯುವಾಗ ಮುಟ್ಟಿದರೆ ಬೆರಳು ಸುಡುತ್ತದೆ. ಕೋವಿಡ್ ಕಾಲದ ಹಣೆಯ ಥರ್ಮಾಮೀಟರ್ ಮೈ ಬಿಸಿಗಷ್ಟೇ ಸರಿ. ಕೈಗಾರಿಕೆಯವರ ಇನ್ಫ್ರಾರೆಡ್ ಬೇಕು. ಹೊಳೆಯುವ ತಾಮ್ರ ಅದನ್ನೂ ಮೋಸಗೊಳಿಸುತ್ತದೆ, ಕರಿ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ ಅದರ ಮೇಲೆ ಹಿಡಿಯಿರಿ. 10 ವಾಟಿಗೆ 4 ಡಿಗ್ರಿ ಏರಿದರೆ 100ಕ್ಕೆ ಸುಮಾರು 40. ಹೊರಗೆ 30 ಇದ್ದ ದಿನ ಅದು 70 ಆಯಿತು. ಕಾಯಿಲ್ ಸುತ್ತಿದ ಪಿವಿಸಿ ಪೈಪು 75-80ರ ಹೊತ್ತಿಗೆ ಮೆತ್ತಗಾಗುತ್ತದೆ. ನಾನಾದರೆ 60 ವಾಟ್ ಎಂದು ಬರೆದು ಸುಮ್ಮನಾಗುವೆ.

ಪೈಪಿನ ಕಾಯಿಲ್ ಬದಲು ಫೆರೈಟ್ ರಿಂಗಿನ ಮೇಲೆ ಸುತ್ತಿದ್ದು ಇದ್ದರೆ, ಹೊಂದಾಣಿಕೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರನ್ನೂ ನೋಡುತ್ತಿರಿ. ಕೀ ಒತ್ತಿ ಹಿಡಿದಿರುವಾಗಲೇ ಮುಳ್ಳು ಮೆಲ್ಲಗೆ ಸರಿದರೆ ರಿಂಗ್ ಬಿಸಿಯೇರುತ್ತಿದೆ. 43ನೇ ನಮೂನೆಯ ಫೆರೈಟ್ 130 ಡಿಗ್ರಿಯ ಆಸುಪಾಸಿನಲ್ಲಿ ಕಾಂತಗುಣ ಕಳೆದುಕೊಳ್ಳುತ್ತದೆ.

ಮಾತಾಡುವ ಎಸ್‌ಎಸ್‌ಬಿ ವಿಧಾನದಲ್ಲಿ ಸರಾಸರಿ ಪವರ್ ಕಡಿಮೆ, ಬಿಸಿಯ ಮಿತಿ ಸಡಿಲ. ಕಂಪ್ಯೂಟರಿನಿಂದ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ಹಾಗಲ್ಲ: 15 ಸೆಕೆಂಡಿನ ಸರದಿಯಲ್ಲಿ 12.6 ಸೆಕೆಂಡ್ ಪೂರ್ಣ ಪವರ್. ವೋಲ್ಟೇಜಿನ ಮಿತಿ ಮಾತ್ರ ಎರಡಕ್ಕೂ ಒಂದೇ.

ಟ್ಯೂನರನ್ನು ಕೊಡಚಾದ್ರಿಗೆ ಹೊತ್ತೊಯ್ಯುವವರಿಗೆ ಇನ್ನೊಂದು ಲೆಕ್ಕ. 1,343 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 15 ಪ್ರತಿಶತ ಕಡಿಮೆ, ಅಂತರ ತಡೆಯುವ ವೋಲ್ಟೇಜೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪವರ್ ಹೋಗುವುದು ವೋಲ್ಟೇಜಿನ ವರ್ಗದಂತೆ. ಕೆಳಗೆ 100 ವಾಟ್ ಬರೆದಿದ್ದ ಕೆಪಾಸಿಟರ್ ಅಲ್ಲಿ 72.