ವಾಕೆಡ್ ಅಲ್ಲ, ವಾಕ್ಟ್: ಕೊನೆಯ ‘ಇ-ಡಿ’ ಹೇಳುವುದು ಹೇಗೆ?

ಕನ್ನಡದಲ್ಲಿ ಬರೆದ ಹಾಗೇ ಓದಿ ನಮಗೆ ರೂಢಿ, ಅಲ್ವಾ? ಅದಕ್ಕೇ ಇಂಗ್ಲಿಷ್ ಓದುವಾಗ ‘ವಾಕೆಡ್’, ‘ಜಂಪೆಡ್’ ಅಂತ ಬಾಯಿಗೆ ಬಂದುಬಿಡುತ್ತದೆ. ಭೂತಕಾಲದ ಈ ‘ಇ-ಡಿ’ಗೆ ಉಚ್ಚಾರಣೆ ಮೂರು: ಟ್, ಡ್, ಇಡ್. ಎಲ್ಲಿ ಯಾವುದು ಅನ್ನುವುದನ್ನು ನಿಮ್ಮ ಗಂಟಲೇ ಹೇಳಿಕೊಡುತ್ತದೆ.

ಮೊದಲು ಕ್ರಿಯಾಪದವನ್ನಷ್ಟೇ ಜೋರಾಗಿ ಹೇಳಿ. ಕೊನೆಯ ಸದ್ದು ಟ್ ಅಥವಾ ಡ್ ಆಗಿದ್ದರೆ ‘ಇಡ್’ ಸೇರಿಸಿ: ವಾಂಟಿಡ್, ನೀಡಿಡ್. ಅಷ್ಟೇ.

ಉಳಿದವಕ್ಕೆ ಎರಡು ಬೆರಳನ್ನು ಗಂಟಲ ಮೇಲಿಡಿ. ‘ಸ್ಸ್ಸ್’ ಅನ್ನಿ. ಏನೂ ಅದುರುವುದಿಲ್ಲ. ‘ಮ್ಮ್ಮ್’ ಅನ್ನಿ. ಬೆರಳಿಗೆ ಗುಂಯ್ ಅನ್ನುವ ನಡುಕ ತಾಕುತ್ತದೆ. ಅದುರದ ಸದ್ದಿನ ಮುಂದೆ ಟ್, ಅದುರುವ ಸದ್ದಿನ ಮುಂದೆ ಡ್. ಕ್, ಚ್, ಪ್, ಫ್, ಸ್, ಶ್ ಅದುರುವುದಿಲ್ಲ: ವಾಕ್ಟ್, ವಾಚ್ಟ್, ಜಂಪ್ಟ್. ಗ್, ಜ್, ಬ್, ಮ್, ನ್, ಲ್ ಮತ್ತು ಎಲ್ಲ ಸ್ವರಗಳೂ ಅದುರುತ್ತವೆ: ಕಾಲ್ಡ್, ಪ್ಲೇಡ್. ಪರೀಕ್ಷೆ ಮಾಡುವಾಗ ‘ಕ’ ಅನ್ನಬೇಡಿ, ‘ಕ್’ ಅನ್ನಿ. ಇಲ್ಲದಿದ್ದರೆ ಜೊತೆಗಿರುವ ‘ಅ’ಗೇ ಗಂಟಲು ಅದುರಿಬಿಡುತ್ತದೆ.

ಇದು ನಮಗೆ ಹೊಸದೇನಲ್ಲ. ವಾಕ್ + ದೇವಿ ಸೇರಿ ‘ವಾಗ್ದೇವಿ’ ಆಗುವುದನ್ನು ಶಾಲೆಯಲ್ಲೇ ಓದಿದ್ದೇವೆ. ಅಲ್ಲಿ ‘ದ’ ತನ್ನ ಹಿಂದಿನ ಕ್ ಅನ್ನು ಗ್ ಮಾಡಿತು. ಇಂಗ್ಲಿಷಿನಲ್ಲಿ ಹಿಂದಿನ ಕ್ ಮುಂದಿನ ಡ್ ಅನ್ನು ಟ್ ಮಾಡುತ್ತದೆ. ಅಕ್ಕಪಕ್ಕದ ಸದ್ದುಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಎರಡೂ ಕಡೆ ಇದೆ. ಈ ಹೋಲಿಕೆ ಹೊಳೆದ ದಿನ ನಾನು ಪದಪಟ್ಟಿ ಬಾಯಿಪಾಠ ಮಾಡುವುದನ್ನೇ ಬಿಟ್ಟೆ.

ಸ್ಪೆಲ್ಲಿಂಗ್ ನೋಡಿ ಮೋಸ ಹೋಗಬೇಡಿ. ‘ಲಾಫ್’ ಬರೆಯುವಾಗ ಕೊನೆಗೆ ಜಿ-ಎಚ್ ಇದ್ದರೂ ಕೇಳುವುದು ಫ್. ಹಾಗಾಗಿ ‘ಲಾಫ್ಟ್’.

ನಮಗೆ ಜಾಸ್ತಿ ಕಾಡುವುದು ಕೊನೆಯಲ್ಲಿ ಸುಮ್ನೆ ಸೇರಿಕೊಳ್ಳುವ ‘ಉ’. ‘ವಾಕ್ಟು’ ಅಂದುಬಿಡುತ್ತೇವೆ. ಮುಂದಿನ ಪದ ಸ್ವರದಿಂದ ಶುರುವಾದರೆ ಟ್ ಅನ್ನು ಅದಕ್ಕೇ ಅಂಟಿಸಿ: ‘ವಾಕ್ಟ್ ಇನ್’ ಅನ್ನುವುದನ್ನು ‘ವಾಕ್-ಟಿನ್’ ಅನ್ನಿ. ಹತ್ತು ಸಲ ಹೇಳಿ, ಚಪ್ಪಾಳೆ ಹೊಡೆದು ಎಣಿಸಿ. ‘ವಾಕ್ಟ್’ಗೆ ಒಂದೇ ಚಪ್ಪಾಳೆ, ‘ವಾಂಟಿಡ್’ಗೆ ಎರಡು.

ಹಿಂದೆ ಈ ‘ಇ’ಯನ್ನು ಇಂಗ್ಲಿಷರೂ ಉಚ್ಚರಿಸುತ್ತಿದ್ದರು. ಅದನ್ನು ನುಂಗಿಹಾಕುವುದು ಸರಿಯಲ್ಲ ಅಂತ 1712ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಸಿಟ್ಟಾಗಿ ಬರೆದಿದ್ದ. ಕೆಲವು ಗುಣವಾಚಕಗಳಲ್ಲಿ ಅದು ಇನ್ನೂ ಉಳಿದಿದೆ: ನೇಕಿಡ್, ವಿಕಿಡ್. ‘ಹರಸಿದರು’ ಅನ್ನುವಾಗ ‘ಬ್ಲೆಸ್ಟ್’, ‘ಪವಿತ್ರವಾದ’ ಅನ್ನುವಾಗ ‘ಬ್ಲೆಸಿಡ್’. ಇವನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು, ಗಂಟಲು ಹೇಳಿಕೊಡುವುದಿಲ್ಲ.