ಹಳೇ ಕಾರಲ್ಲಿ ಏಸಿ ತಂಪಾಗ್ತಿಲ್ವಾ? ಗ್ಯಾಸ್ ತುಂಬ್ಸೋಕ್ ಮುಂಚೆ ಇಷ್ಟು ನೋಡಿ
ನಮ್ದು 2010ರ ಗಾಡಿ, ಹೈವೇಲಿ ಏಸಿ ಚೆನ್ನಾಗೇ ಬರ್ತಿತ್ತು, ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತ್ರೆ ಸಾಕು ಬಿಸಿ ಗಾಳಿ. ಗ್ಯಾರೇಜಲ್ಲಿ ಬಾನೆಟ್ಟೂ ಎತ್ತದೆ ಗ್ಯಾಸ್ ಖಾಲಿ ಸರ್ ಅಂದ್ರು, ತುಂಬಿಸ್ದೆ, ಕತೆ ಅದೇ. ಆಮೇಲೆ ಏಸಿ ಆನ್ ಮಾಡಿ ನಾನೇ ಬಗ್ಗಿ ನೋಡಿದ್ರೆ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಗೆ ಬಿಡೋ, ಮುಂದ್ಗಡೆ ಇರೋ ಜಾಲರಿ) ಫ್ಯಾನ್ ತಿರುಗ್ತಾನೇ ಇಲ್ಲ! ಅದಕ್ಕೆ ಕರೆಂಟ್ ಕೊಡೋ ಸ್ವಿಚ್ಚು, ರಿಲೇ ಅಂತಾರಲ್ಲ, ಅದು ಹೋಗಿತ್ತು ಅಷ್ಟೇ. ಓಡುವಾಗ ತಂಪು ನಿಂತಾಗ ಬಿಸಿ ಅಂದ್ರೆ ಮೊದಲ ಅನುಮಾನ ಫ್ಯಾನ್ ಮೇಲೇ ಇರ್ಲಿ (ಬೆರಳು ಹತ್ರ ತಗೊಂಡು ಹೋಗ್ಬೇಡಿ, ಯಾವಾಗ ಬೇಕಾದ್ರೂ ಶುರುವಾಗತ್ತೆ), ಅದು ಸರಿ ಇದ್ರೆ ಕಂಡೆನ್ಸರ್ ಸಂದಿಲಿ ಧೂಳು ಹುಳ ಎಲ್ಲ ತುಂಬಿದ್ಯಾ ನೋಡಿ, ಇಂಜಿನ್ ಆಫ್ ಮಾಡಿ ತಣ್ಣಗಾದ್ಮೇಲೆ ಪೈಪಲ್ಲಿ ಮೆತ್ತಗೆ ನೀರು ಬಿಡಿ, ಪ್ರೆಶರ್ ವಾಷರ್ ಹತ್ರ ಹಿಡಿದ್ರೆ ಆ ತೆಳು ಫಿನ್ ಎಲ್ಲ ಮಡಚ್ಕೊಂಡು ಬಿಡತ್ತೆ.

ಗಾಳಿ ತಣ್ಣಗೇ ಇದೆ ಆದ್ರೆ ಜೋರಿಲ್ಲ ಅಂದ್ರೆ ಒಳಗೆ ಬರೋ ಗಾಳಿ ಸೋಸೋ ಕ್ಯಾಬಿನ್ ಫಿಲ್ಟರ್ ಕಟ್ಕೊಂಡಿದ್ಯಾ ನೋಡಿ, ಸುಮಾರು ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರತ್ತೆ.

ಇನ್ನು ಕಂಪ್ರೆಸರ್, ಅಂದ್ರೆ ಗ್ಯಾಸನ್ನ ಒತ್ತಿ ಓಡಿಸೋ ಪಂಪು. ಬಟನ್ ಒತ್ತಿದಾಗ ಟಕ್ ಅಂತ ಅದರ ಕ್ಲಚ್ (ಕಾಲಲ್ಲಿ ಒತ್ತೋದಲ್ಲ, ಕಂಪ್ರೆಸರನ್ನ ಇಂಜಿನ್ ಬೆಲ್ಟಿಗೆ ಜೋಡಿಸೋದು) ಹಿಡಿಯೋ ಸೌಂಡ್ ಬರ್ಬೇಕು, ಕೆಲವೇ ಸೆಕೆಂಡಿಗೊಮ್ಮೆ ಹಿಡ್ದು ಬಿಟ್ಟು ಮಾಡ್ತಿದ್ರೆ ಗ್ಯಾಸ್ ಕಮ್ಮಿ ಇರ್ಬೋದು. ಆದ್ರೆ ಗ್ಯಾಸು ಪೆಟ್ರೋಲ್ ತರ ಖರ್ಚಾಗೋದಲ್ಲ ಮಾರಾಯ್ರೇ, ಕಮ್ಮಿ ಆಗಿದ್ರೆ ಎಲ್ಲೋ ಲೀಕ್ ಇದೆ. ಪೈಪ್ ಜಾಯಿಂಟಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡಿದ್ರೆ ಹೆಚ್ಚಾಗಿ ಅಲ್ಲೇ. ಅದನ್ನ ಸರಿ ಮಾಡ್ಸಿ, ವ್ಯಾಕ್ಯೂಮ್ ಎಳೆಸಿ (ಪೈಪೊಳಗಿನ ಗಾಳಿ, ತೇವ ಪಂಪಲ್ಲಿ ತೆಗೆಸಿ), ಬಾನೆಟ್ ಕೆಳಗಿನ ಸ್ಟಿಕ್ಕರಲ್ಲಿರೋ ಗ್ರಾಂ ಲೆಕ್ಕಕ್ಕೇ ಆರ್-134ಎ ಅನ್ನೋ ಏಸಿ ಗ್ಯಾಸ್ ತುಂಬ್ಸಿ, ಜಾಸ್ತಿ ತುಂಬಿದ್ರೂ ತಂಪು ಕಮ್ಮಿನೇ ಆಗತ್ತೆ.