ಬಲ್ಬಿನೊಳಗಿನ ಕೆಂಡದೆಳೆ: ಮಳೆಗಾಲದ ಸಂಜೆ ಫೋಟೊ ತೆಗೆಯುವುದು ಹೇಗೆ?

ಉರಿಯುವ ಬಲ್ಬಿನ ಫೋಟೊ ತೆಗೆದರೆ ಸಾಮಾನ್ಯವಾಗಿ ಸಿಗುವುದು ಒಂದು ಬಿಳಿ ಮುದ್ದೆ. ಟಂಗ್‌ಸ್ಟನ್ ತಂತಿಯ (ಫಿಲಮೆಂಟ್) ಸುರುಳಿಯಾಗಲಿ, ಅದನ್ನು ಹಿಡಿದ ಕಡ್ಡಿಗಳಾಗಲಿ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಬೆಳಕು ತಗ್ಗಿಸಿದರೆ ತಂತಿಯೇನೋ ಕಂಡೀತು, ಗಾಜು ಮಾಯವಾಗುತ್ತದೆ. ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉರಿಯುವ ತಂತಿಯ ಮುಂದೆ ಕೋಣೆಯ ಬೆಳಕು ಲೆಕ್ಕಕ್ಕೇ ಇಲ್ಲ. ಹಾಗಾಗಿ ಮೊದಲು ಬಲ್ಬನ್ನೇ ಮಂದ ಮಾಡಿಕೊಳ್ಳಬೇಕು.

ಅದಕ್ಕೆ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ಸಾಕು. ಎರಡು ಹೋಲ್ಡರ್, ಒಂದು ಸ್ವಿಚ್, ಪ್ಲಗ್. ಕರೆಂಟ್ ಒಂದು ಬಲ್ಬನ್ನು ದಾಟಿಯೇ ಇನ್ನೊಂದಕ್ಕೆ ಹೋಗುವಂತೆ ವೈರಿಂಗ್ ಇರಬೇಕು. ಫೋಟೊಕ್ಕೆ ಕೂರುವ ಬಲ್ಬು 100 ವ್ಯಾಟಿನದು, ಪಾರದರ್ಶಕ ಗಾಜಿನದು. ಜೊತೆಗಾರ 40 ವ್ಯಾಟಿನದು. ಕಡಿಮೆ ವ್ಯಾಟಿನ ಬಲ್ಬಿಗೆ ರೋಧ ಹೆಚ್ಚು, ವೋಲ್ಟೇಜಿನ ದೊಡ್ಡ ಪಾಲನ್ನು ಅದೇ ತಿನ್ನುತ್ತದೆ. 100 ವ್ಯಾಟಿನದು ಕೆಂಡದ ಬಣ್ಣಕ್ಕೆ ಇಳಿಯುತ್ತದೆ. ಜೊತೆಗೆ 60 ವ್ಯಾಟಿನದನ್ನು ಹಾಕಿದರೆ ಸುರುಳಿಯ ಸುತ್ತುಗಳು ಫೋಟೊದಲ್ಲಿ ಒಂದಕ್ಕೊಂದು ಬೆರೆತು ದಪ್ಪ ಗೆರೆಯಾಗುತ್ತವೆ. 25ರದು ಹಾಕಿದರೆ ತಂತಿ ಬಹುತೇಕ ಕಪ್ಪು. ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಫಿಲಮೆಂಟಿನಂತೆ ಕಾಣುವಂಥದ್ದೂ ಅಷ್ಟೆ. ತಂತಿಯ ಬಲ್ಬೇ ಹೌದೇ ಎಂದು ಅಂಗಡಿಯಲ್ಲಿ ಕೇಳಿಯೇ ತನ್ನಿ.

ಒಂದು ಎಚ್ಚರಿಕೆ. ಒಂದು ಬಲ್ಬು ತೆಗೆದರೆ ಇನ್ನೊಂದೂ ಆರುತ್ತದೆ. ಆದರೆ ಖಾಲಿ ಹೋಲ್ಡರಿನಲ್ಲಿ ಪೂರ್ತಿ 230 ವೋಲ್ಟ್ ಇರುತ್ತದೆ. ಬಲ್ಬು ಬದಲಿಸುವ ಮುನ್ನ ಪ್ಲಗ್ ಕೀಳಲೇಬೇಕು. ವೈರಿಂಗ್ ಗೊತ್ತಿಲ್ಲದವರು ಬೋರ್ಡನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿಕೊಳ್ಳಿ.

ಇನ್ನು ಗಾಜು. ತೀರ್ಥಹಳ್ಳಿ, ಹೊಸನಗರದ ಕಡೆಯ ಆಷಾಢದ ಮೋಡ ಇದಕ್ಕೆ ಹೇಳಿ ಮಾಡಿಸಿದ್ದು; ನೆರಳು ಕತ್ತರಿಸದ ಮೆತ್ತನೆ ಬೆಳಕು ಇಡೀ ಕಿಟಕಿ ತುಂಬಿಕೊಂಡಿರುತ್ತದೆ. ಬಲ್ಬನ್ನು ಕಿಟಕಿಗೆ ಎದುರಾಗಿ ತೂಗುಹಾಕಿ. ಬಲ್ಬಿಗೂ ಕಿಟಕಿಗೂ ನಡುವೆ ರಟ್ಟಿಗೆ ಸುತ್ತಿದ ಕರಿಕಂಬಳಿ ನಿಲ್ಲಿಸಿ. ರಟ್ಟು ಫೋಟೊದ ಚೌಕಟ್ಟಿಗಿಂತ ತುಸುವೇ ದೊಡ್ಡದಿರಲಿ, ಕಿಟಕಿಗಿಂತ ಚಿಕ್ಕದಿರಲಿ. ಅದರ ಅಕ್ಕಪಕ್ಕದಿಂದ ನುಸುಳುವ ಬೆಳಕು ಗಾಜಿನ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ಕಪ್ಪು ಚಾರ್ಟ್ ಪೇಪರ್ ಮಿರುಗುತ್ತದೆ, ಕಂಬಳಿಯ ಉಣ್ಣೆ ಬೆಳಕನ್ನು ಹೀರಿಕೊಳ್ಳುತ್ತದೆ. ಈ ಬೆಳಕಿನಲ್ಲಿ ಬೆರಳಚ್ಚು ಎದ್ದು ಕಾಣುವುದರಿಂದ ಬಲ್ಬು ತಣ್ಣಗಿರುವಾಗಲೇ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಬಿಸಿ ಗಾಜಿಗೆ ನೀರು ತಾಗಿದರೆ ಸೀಳುತ್ತದೆ. ಜೊತೆಗಾರ ಬಲ್ಬನ್ನು ಮೇಜಿನ ಕೆಳಗೆ ಇಡಿ, ಇಲ್ಲವಾದರೆ ಅದರ ಪ್ರತಿಬಿಂಬ ಗಾಜಿನ ಮೇಲೆ ಕೂರುತ್ತದೆ. ಬಟ್ಟೆ, ಕಾಗದ ಮುಚ್ಚಬೇಡಿ, ಹೊತ್ತಿಕೊಂಡೀತು.

ಕ್ಯಾಮೆರಾ ಕಿಟಕಿಯತ್ತ ಮುಖಮಾಡಿ ಟ್ರೈಪಾಡಿನ ಮೇಲೆ, ಎರಡು ಸೆಕೆಂಡಿನ ಟೈಮರ್, ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್. ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಬಾಯಿ ಎಫ್/8, ಶಟರ್ 1/50 ಸೆಕೆಂಡಿನಿಂದ ಶುರುಮಾಡಿ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ಕೆಂಪು ಪೇಲವವಾಗುತ್ತದೆ. ಆಟೊ ಫೋಕಸ್ ಗಾಜಿನ ಹೊಳಪಿಗೆ ಅಂಟಿಕೊಳ್ಳುತ್ತದೆ, ಕೈಯಲ್ಲೇ ತಿರುಗಿಸಿ ಸುರುಳಿಗೆ ಫೋಕಸ್ ಮಾಡಿ. ತಂತಿ ಕಮಾನಿನಂತೆ ಬಾಗಿರುವುದರಿಂದ ಅದರ ಅಗಲ ಲೆನ್ಸಿಗೆ ಎದುರಾಗುವಂತೆ ಬಲ್ಬನ್ನು ತಿರುಗಿಸಿ. ಮೊಬೈಲಿನಲ್ಲಾದರೆ ಪ್ರೊ ಮೋಡ್, ಮೇಲೊಂದು ಹತ್ತಿರದಿಂದ ತೆಗೆಯಲು ಸಿಕ್ಕಿಸುವ ಕ್ಲಿಪ್ ಮ್ಯಾಕ್ರೊ ಲೆನ್ಸ್.

ಕತ್ತಲಾಗುವುದಕ್ಕೆ ಅರ್ಧ ಗಂಟೆ ಮುಂಚೆ ಶುರುಮಾಡಿ, ಐದೈದು ನಿಮಿಷಕ್ಕೊಮ್ಮೆ ಬೇರೆ ಬೇರೆ ಶಟರ್ ವೇಗದಲ್ಲಿ ತೆಗೆಯುತ್ತಾ ಹೋಗಿ. ಬಲ್ಬಿನ ಕೆಂಪು ಹಾಗೇ ಇರುತ್ತದೆ, ಕಿಟಕಿ ಮಾತ್ರ ಇಳಿಯುತ್ತದೆ. ಎರಡೂ ಸಮವಾಗುವ ಹೊತ್ತು ಬಹಳ ಚಿಕ್ಕದು. ಕಿಟಕಿ ಮುಚ್ಚಿರಲಿ, ಮಳೆಹುಳುಗಳು ಬಲ್ಬನ್ನು ಬಿಡುವುದಿಲ್ಲ. ಹೊರಗಿನ ಥಂಡಿಯಿಂದ ತಂದ ಲೆನ್ಸಿನ ಮೇಲೆ ಮಂಜು ಕಟ್ಟಿದರೆ ಒರೆಸಬೇಡಿ, ಕೋಣೆಯ ಶಾಖಕ್ಕೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ. ನಡುವೆ ಕರೆಂಟ್ ಹೋಗಿ ಬಂದರೆ ವೋಲ್ಟೇಜ್ ಮೊದಲಿನಂತಿರುತ್ತದೆ ಎಂದು ನಂಬದೆ 1/25, 1/50, 1/100ರಲ್ಲಿ ಮತ್ತೊಮ್ಮೆ ತೆಗೆದು ನೋಡಿ.